ಬಿಸಿಲಿಗಿಟ್ಟ ಬ್ಲಾಕುಗಳು

ಉಪಕಾರ ಪಡೆದು ಅದನ್ನು ಬಾಯಿಬಿಟ್ಟು ಹೇಳುವ ಸ್ವಭಾವ ನನ್ನದಲ್ಲ. ನನ್ನ ಹೆಂಡತಿ ತೋಜಿಗುಲ್ ನಲವತ್ತೊಂದು ವರ್ಷದಿಂದ ನನಗೆ ಚಹಾ ಕೊಡುತ್ತಿದ್ದಾಳೆ. ಒಂದು ದಿನವೂ ನಾನು ಚೆನ್ನಾಗಿದೆ ಎಂದಿಲ್ಲವಂತೆ, ಕೆಟ್ಟಾಗ ಮಾತ್ರ ತಪ್ಪದೆ ಹೇಳಿದ್ದೇನಂತೆ. ಇರಬಹುದು. ಆದರೆ ಹೋದ ವರ್ಷ ನನ್ನ ಊರು ನನಗೆ ಮಾಡಿದ ಉಪಕಾರವನ್ನು ಹೇಳದೆ ಹೋದರೆ ನಾನು ಜೀವಮಾನವಿಡೀ ತುಳಿದ ಮಣ್ಣೇ ನನ್ನನ್ನು ಮಾತಾಡಿಸಲಿಕ್ಕಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ನಾನು ಉಸ್ತಾ ಪಿರ್ಮದ್. ಸುರ್ಖೋಬ್ ನದಿಯ ದಂಡೆಯ ನಮ್ಮ ಚಶ್ಮಾಸಾರಿನಲ್ಲಿ ಗೋಡೆ ಕಟ್ಟುವ ಕಸುಬಿನವನನ್ನು ಉಸ್ತಾ ಎಂದೇ ಕರೆಯುವುದು. ನನ್ನಪ್ಪನೂ ಉಸ್ತಾ, ಅವರಪ್ಪನೂ ಉಸ್ತಾ. ಮಣ್ಣನ್ನು ಕೆಸರು ಮಾಡಿ, ಗೋಧಿಯ ಹೊಟ್ಟು ಸೇರಿಸಿ, ಬರಿಗಾಲಲ್ಲಿ ತುಳಿದು, ಮರದ ಅಚ್ಚಿಗೆ ಹಾಕಿ, ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ ನಮ್ಮದು. ಊರಿನ ಅರ್ಧ ಮನೆಗಳು ನಮ್ಮ ಕೈಯಲ್ಲಿ ಎದ್ದಂಥವು. ಇದನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಉಬ್ಬುತ್ತಿತ್ತು. ಏಪ್ರಿಲ್ ತಿಂಗಳ ಭೂಕಂಪ ಅದರ ಗಾಳಿ ತೆಗೆಯಿತು.

ನೆಲ ನಡುಗಿದ್ದು ಬೆಳಿಗ್ಗೆ ಹತ್ತರ ಹೊತ್ತಿಗೆ. ಬಹಳ ಮನೆಗಳು ಬಿರುಕು ಬಿಟ್ಟವು. ಪೂರ್ತಿ ಒಳಕ್ಕೆ ಕುಸಿದದ್ದು ಸಾವ್ರಿಯ ಮನೆಯ ಬಡಗಣ ಗೋಡೆ. ಆರು ವರ್ಷದ ಹಿಂದೆ ಅದನ್ನು ಕಟ್ಟಿದವನು ನಾನು. ಸಾವ್ರಿಗೆ ಮೂವತ್ತು ತುಂಬಿಲ್ಲ. ಭೂಕಂಪಕ್ಕೆ ಮುಂಚಿನ ಚಳಿಗಾಲದಲ್ಲೇ ಅವಳ ಗಂಡ ಕಣಿವೆಯ ದಾರಿಯಲ್ಲಿ ಹಿಮ ಕುಸಿದು ತೀರಿಕೊಂಡಿದ್ದ. ಅವನು ಹೋದ ಮೇಲೆ ಹುಟ್ಟಿದ ಹೆಣ್ಣುಮಗು ಮೊಹಿರಾಗೆ ಆಗ ಎರಡು ತಿಂಗಳು. ಮಗುವಿನ ತೊಟ್ಟಿಲು ದಿನಾ ಇರುತ್ತಿದ್ದದ್ದು ಅದೇ ಬಡಗಣ ಗೋಡೆಯ ಬುಡದಲ್ಲಿ. ಆವತ್ತು ಎಳೆಬಿಸಿಲು ಚೆನ್ನಾಗಿದೆಯೆಂದು ಸಾವ್ರಿ ತೊಟ್ಟಿಲನ್ನು ಅಂಗಳಕ್ಕೆ ಎತ್ತಿಕೊಂಡು ಬಂದಿದ್ದಳು. ನಾನು ಓಡಿಹೋಗಿ ನೋಡಿದಾಗ ತೊಟ್ಟಿಲಿನ ಜಾಗದಲ್ಲಿ ಸೊಂಟದೆತ್ತರ ನನ್ನ ಇಟ್ಟಿಗೆಗಳು ಬಿದ್ದಿದ್ದವು.

ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಅಣ್ಣನ ಮನೆಯ ಖಾಲಿ ಕೊಟ್ಟಿಗೆಯಲ್ಲಿ ಸೇರಿಕೊಂಡಳು. ಮೊದಲ ಶುಕ್ರವಾರ ಅಲ್ಲಿಂದ ನನಗೊಂದು ಬಿಸಿ ನಾನ್ ರೊಟ್ಟಿ ಬಂತು. ಅಣ್ಣನ ಮನೆಯ ತಂದೂರಿನಲ್ಲಿ ಸುಟ್ಟದ್ದು, ಬಟ್ಟೆಯಲ್ಲಿ ಸುತ್ತಿದ್ದು. ಮುಂದಿನ ಶುಕ್ರವಾರವೂ ಬಂತು, ಅದರ ಮುಂದಿನದಕ್ಕೂ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿ ಬೈದು ಹಗುರಾಗುತ್ತಿದ್ದೆ. ರೊಟ್ಟಿಗೆ ಏನೆಂದು ಉತ್ತರ ಕೊಡುವುದು? ತೋಜಿಗುಲ್ ಅದನ್ನು ಮುರಿದು ನನ್ನ ಮುಂದೆ ಇಡುತ್ತಿದ್ದಳು. ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಸಾವ್ರಿಗೆ ಇದ್ದ ಗಡುವು ಊರಿಗೆಲ್ಲ ಗೊತ್ತಿತ್ತು. ಮೊದಲ ಹಿಮ ಬಿದ್ದ ದಿನ ಬೆಟ್ಟದ ಮೇಲಿನ ದನಗಳು ಕೆಳಗಿಳಿಯುತ್ತವೆ, ಕೊಟ್ಟಿಗೆ ದನಗಳಿಗೆ ಬೇಕು. ಅಷ್ಟರೊಳಗೆ ಅವಳಿಗೆ ಸ್ವಂತ ಸೂರು ಆಗದಿದ್ದರೆ ಕಣಿವೆಯಾಚೆ ಗಂಡನ ಸೋದರಮಾವನ ಮನೆಯ ಮೂಲೆಗೆ ಹೋಗಬೇಕು. ಹಾಗೆ ಹೋದ ವಿಧವೆ ಮತ್ತೆ ಬರುವುದಿಲ್ಲ. ಅವಳ ಜಾಗ, ಅವಳ ಏಳು ಜರ್ದಾಳು ಹಣ್ಣಿನ ಮರ ಇನ್ನೊಬ್ಬರ ಪಾಲಾಗುತ್ತವೆ, ಅವಳು ಯಾರದೋ ಒಲೆಯ ಬೂದಿ ತೆಗೆಯುತ್ತ ಮುದುಕಿಯಾಗುತ್ತಾಳೆ.

ಆಗಸ್ಟ್ ನಡುವಿನಲ್ಲಿ ರಾಜಧಾನಿ ದುಶಾನ್ಬೆಯಿಂದ ಮುನವ್ವರ ಎಂಬ ಹುಡುಗಿ ಬಂದಳು. ಮನೆ ಬಿದ್ದವರಿಗೆ ಕಟ್ಟುವ ಕೆಲಸ ಕಲಿಸುವವಳು. ಲಾರಿಯ ಹಿಂದೆ ಒಂದು ಕಬ್ಬಿಣದ ಯಂತ್ರ ತಂದಿದ್ದಳು. ಒಂದು ಪೆಟ್ಟಿಗೆ, ಅದಕ್ಕೊಂದು ಮುಚ್ಚಳ, ಮೇಲೆ ಆಳುದ್ದದ ಹಿಡಿಕೆ. ಪೆಟ್ಟಿಗೆಗೆ ಮಣ್ಣು ತುಂಬಿ ಇಬ್ಬರು ಹಿಡಿಕೆಗೆ ಜೋತುಬಿದ್ದರೆ ಒತ್ತಿದ ಬ್ಲಾಕು ಹೊರಗೆ ಬರುತ್ತದೆ. ಭಟ್ಟಿ ಬೇಡ, ಸುಡುವುದು ಬೇಡ, ಹನ್ನೆರಡು ಪಾಲು ಮಣ್ಣಿಗೆ ಒಂದು ಪಾಲು ಸಿಮೆಂಟ್ ಸಾಕು.

ನಾನು ಕೈಕಟ್ಟಿ ನಿಂತು ನೋಡುತ್ತಿದ್ದೆ. ಟ್ರಾಕ್ಟರ್ ಓಡಿಸುವ ಶೋದ್ಮೋನ್ ಪಕ್ಕದಲ್ಲಿದ್ದ. ಬಾಯಿಗೆ ಬೀಗವಿಲ್ಲದ ಮನುಷ್ಯ.

"ಉಸ್ತಾ, ನಿಮ್ಮ ಕಾಲಿಗೆ ರಜಾ ಬಂತು," ಅಂದ. "ಇನ್ನು ಕೆಸರು ತುಳಿಯೋ ಹಾಗಿಲ್ಲ."

"ಹೊಟ್ಟು ಹಾಕದೆ ಇಟ್ಟಿಗೆ ಮಾಡ್ತಾಳಂತೆ," ಅಂದೆ. "ಮಾಡ್ಲಿ. ಮಳೆಗಾಲಕ್ಕೆ ಗಂಜಿ ಕುಡಿಯೋಣ."

ಮುನವ್ವರಳಿಗೆ ಕೇಳಿಸಿತು. ಬಂದು ಒಂದು ಹಿಡಿ ಮಣ್ಣು ನನ್ನ ಕೈಗೆ ಕೊಟ್ಟಳು. "ಚಿಕ್ಕಪ್ಪ, ಉಂಡೆ ಕಟ್ಟಿ."

ನಾನು ನೀರು ಚಿಮುಕಿಸಿ ಉಂಡೆ ಕಟ್ಟಿದೆ.

"ಸೊಂಟದ ಎತ್ತರದಿಂದ ಬಿಡಿ."

ಬಿಟ್ಟೆ. ಉಂಡೆ ಒಡೆಯಲಿಲ್ಲ, ರೊಟ್ಟಿಯ ಹಾಗೆ ಚಪ್ಪಟೆಯಾಯಿತು.

"ನೀರು ಜಾಸ್ತಿ. ನಾಲ್ಕೈದು ಹೆಂಟೆಯಾಗಿ ಒಡೀಬೇಕು, ಅದು ಹದ."

ಐವತ್ತು ವರ್ಷ ಮಣ್ಣಿನಲ್ಲಿ ಕೈಯಾಡಿಸಿದವನಿಗೆ ಮೊಮ್ಮಗಳ ವಯಸ್ಸಿನವಳು ಹದ ಹೇಳಿಕೊಡುವುದು. ಮೈ ಉರಿಯಿತು. ಆದರೆ ಮೂರನೆಯ ಉಂಡೆ ಸರಿಯಾಗಿ ಒಡೆದಾಗ, ಅದೇ ಮಣ್ಣಿನಿಂದ ಮೊದಲ ಬ್ಲಾಕು ಮೂಲೆ ಮುಕ್ಕಾಗದೆ, ಅಂಚು ಹರಿತವಾಗಿ ಹೊರಗೆ ಬಂದಾಗ, ಉರಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಷ್ಟು ನೆಟ್ಟನೆಯ ಇಟ್ಟಿಗೆ ನನ್ನ ಕೈಯಿಂದ ಯಾವತ್ತೂ ಬಂದಿರಲಿಲ್ಲ. ಅದನ್ನು ಹೇಳಲಿಲ್ಲ, ಅಷ್ಟೆ. ಮರುದಿನ ಎಲ್ಲರಿಗಿಂತ ಮೊದಲು ಯಂತ್ರದ ಹತ್ತಿರ ಹೋಗಿ ನಿಂತೆ.

ಸಾವ್ರಿಯ ಜಾಗದಲ್ಲೇ ಕೆಲಸ. ಅವಳು, ಅವಳ ಅಕ್ಕಪಕ್ಕದ ಮೂವರು ಹೆಂಗಸರು, ನಾನು. ಅವರು ಜರಡಿ ಹಿಡಿದರು, ನಾನು ಕಲಸಿದೆ. ಹಿಡಿಕೆಗೆ ಎಲ್ಲರೂ ಜೋತುಬಿದ್ದೆವು. ಐದು ದಿನಕ್ಕೆ ಸಾವಿರದ ಇನ್ನೂರು ಬ್ಲಾಕು. ಒಂದು ಕೋಣೆಗೂ ಪಡಸಾಲೆಗೂ ಸಾಕು. ಗೋಡೆ ಎಬ್ಬಿಸಲು ಊರಿಗೆ ಊರೇ ಬರುತ್ತದೆ. ನಮ್ಮಲ್ಲಿ ಅದನ್ನು ಹಶರ್ ಅನ್ನುತ್ತೇವೆ: ಕೂಲಿಯಿಲ್ಲ, ಮನೆಯವರು ಊಟ ಹಾಕಬೇಕು, ಕರೆದರೆ ಯಾರೂ ಇಲ್ಲವೆನ್ನುವ ಹಾಗಿಲ್ಲ. ಸೆಪ್ಟೆಂಬರ್ ಎರಡನೆಯ ಶುಕ್ರವಾರಕ್ಕೆ ಹಶರ್ ಗೊತ್ತಾಯಿತು.

ಮುನವ್ವರ ಯಂತ್ರವನ್ನು ನಮ್ಮಲ್ಲೇ ಬಿಟ್ಟು ಕಣಿವೆಯಾಚೆಯ ಊರುಗಳಿಗೆ ಹೊರಟಳು. ಹೋಗುವಾಗ ನನ್ನ ಕೈಗೆ ಒಂದು ಚೀಟಿ ಕೊಟ್ಟಳು.

"ಚಿಕ್ಕಪ್ಪ, ಈ ಬ್ಲಾಕುಗಳ ಜವಾಬ್ದಾರಿ ನಿಮ್ಮದು. ಪ್ಲಾಸ್ಟಿಕ್ ಹಾಳೆ ಹೊದಿಸೇ ಇರ್ಬೇಕು. ದಿನಾ ಮೂರು ಸಲ ನೀರು ಚಿಮುಕಿಸ್ಬೇಕು. ಮೂರು ವಾರ. ಬಿಸಿಲು ತಾಗಬಾರದು."

"ಆಯ್ತಮ್ಮ, ಆಯ್ತು," ಅಂದೆ.

ಎರಡು ದಿನ ಹಾಗೇ ಮಾಡಿದೆ. ಮೂರನೆಯ ದಿನ ಹಾಳೆ ಎತ್ತಿ ನೋಡಿದರೆ ಒಳಗೆಲ್ಲ ಬೆವರು. ಬ್ಲಾಕುಗಳು ಕಪ್ಪಗೆ, ತಣ್ಣಗೆ, ರೋಗಿಗಳ ಹಾಗೆ ಮಲಗಿದ್ದವು. ಹೊರಗೆ ಬಿಸಿಲು ಚಿನ್ನದಂತಿತ್ತು. ಇಟ್ಟಿಗೆಗೆ ಬಿಸಿಲು ತಪ್ಪಿಸಿ ನೀರು ಕುಡಿಸುವುದೆಂದರೆ ಏನರ್ಥ? ನಮ್ಮಪ್ಪ ಮೋಡ ಬಂದರೆ ಹೊದಿಕೆ ತಂದು ಇಟ್ಟಿಗೆಗೆ ಹೊದಿಸುತ್ತಿದ್ದರು, ಬಿಸಿಲು ಬಂದ ತಕ್ಷಣ ತೆಗೆಯುತ್ತಿದ್ದರು. ಪಾಪ, ಪಟ್ಟಣದ ಹುಡುಗಿ, ಓದಿದ್ದಾಳೆ, ಇಟ್ಟಿಗೆಯ ಜೊತೆ ಬಾಳಿಲ್ಲ ಅಂದುಕೊಂಡೆ. ಹಾಳೆ ಸುತ್ತಿ ಬದಿಗಿಟ್ಟೆ.

ಆಮೇಲೆ ನಾನು ಮಾಡಿದ್ದನ್ನು ನೆನೆದರೆ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ. ಸಾವಿರದ ಇನ್ನೂರು ಬ್ಲಾಕುಗಳನ್ನು ಒಂದೊಂದಾಗಿ ಬಿಡಿಸಿ ಹರಡಿದೆ. ಎರಡು ದಿನಕ್ಕೊಮ್ಮೆ ಒಂದೊಂದನ್ನೂ ಮಗ್ಗುಲು ತಿರುಗಿಸಿದೆ, ನಾಲ್ಕೂ ಕಡೆ ಬಿಸಿಲು ಬೀಳಲಿ ಎಂದು. ಸೊಂಟ ಹಿಡಿದುಕೊಂಡಿತು. ತೋಜಿಗುಲ್ ಕುರಿಕೊಬ್ಬು ಹಚ್ಚಿ ತಿಕ್ಕಿದಳು. ನನ್ನ ಸ್ವಂತ ಮಕ್ಕಳನ್ನು ನಾನು ಅಷ್ಟು ಮುದ್ದಿನಿಂದ ನೋಡಿಕೊಂಡಿಲ್ಲ. ಬ್ಲಾಕುಗಳು ತಿಳಿಹಳದಿ ಬಣ್ಣಕ್ಕೆ ತಿರುಗಿ ಚೆಂದ ಕಾಣುತ್ತಿದ್ದವು. ಸಾವ್ರಿ ದೂರದಿಂದ ನೋಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಉಸ್ತಾನಿಗೆ ಗೊತ್ತಿರುತ್ತದೆ ಎಂಬ ನಂಬಿಕೆ.

ಹಶರ್‌ನ ಹಿಂದಿನ ಸಂಜೆ ನನಗೊಂದು ಜಂಭದ ಯೋಚನೆ ಬಂತು. ಮುನವ್ವರ ಹೇಳಿದ್ದ ಪರೀಕ್ಷೆ ನೆನಪಾಯಿತು: ಬ್ಲಾಕನ್ನು ನೀರಲ್ಲಿ ಮುಳುಗಿಸಿಡಬೇಕು, ಮರುದಿನ ಮೂಲೆ ಗಟ್ಟಿಯಾಗಿದ್ದರೆ ಅದು ಗೋಡೆಗೆ ಲಾಯಕ್ಕು. ಎಲ್ಲರ ಎದುರು ನೀರಿನಿಂದ ಎತ್ತಿ ತೋರಿಸಿ, ನೋಡಿ ಪಿರ್ಮದನ ಬ್ಲಾಕು ಎನ್ನುವ ಆಸೆ. ರಾಶಿಯ ಹಿಂದಿನ ಕಲ್ಲುತೊಟ್ಟಿಯಲ್ಲಿ ಒಂದನ್ನು ಮುಳುಗಿಸಿ ಮನೆಗೆ ಹೋದೆ.

ಬೆಳಿಗ್ಗೆ ಎತ್ತಲು ಹೋದರೆ ಕೈಗೆ ಅರ್ಧವೇ ಬಂತು. ಉಳಿದರ್ಧ ತೊಟ್ಟಿಯ ತಳದಲ್ಲಿ ಕೆಸರಾಗಿ ಕೂತಿತ್ತು. ಬಂದ ಅರ್ಧಕ್ಕೆ ಬೆರಳು ಒತ್ತಿದೆ, ಬೆರಳು ಒಳಗೆ ಹೋಯಿತು.

ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಆಗ ಅರ್ಥವಾಯಿತು. ಹೊಟ್ಟಿನ ಇಟ್ಟಿಗೆ ಒಣಗಿ ಗಟ್ಟಿಯಾಗುತ್ತದೆ. ಸಿಮೆಂಟ್ ಸೇರಿದ್ದು ನೀರು ಕುಡಿದು ಗಟ್ಟಿಯಾಗುತ್ತದೆ. ನಾನು ಕೂಸಿನ ಬಾಯಿಂದ ಹಾಲು ಕಿತ್ತುಕೊಂಡು, ಬಿಸಿಲು ಕಾಯಿಸಿ, ಬೆಳೆಯಿತು ಎಂದು ಖುಷಿಪಟ್ಟಿದ್ದೆ.

ಅಂಗಳದಲ್ಲಿ ಜನ ಸೇರುತ್ತಿದ್ದರು. ನಲವತ್ತು ಗಂಡಸರು, ಹೆಗಲಲ್ಲಿ ಸಲಿಕೆ. ಹೆಂಗಸರು ಪಲಾವಿಗೆ ಕ್ಯಾರೆಟ್ ಹೆಚ್ಚುತ್ತಿದ್ದರು. ದೊಡ್ಡ ಕಡಾಯಿಯಲ್ಲಿ ಎಣ್ಣೆ ಕಾಯುತ್ತಿತ್ತು. ಸಾವ್ರಿ ತನಗಿದ್ದ ಒಂದೇ ಕುರಿಯನ್ನು ಈ ಊಟಕ್ಕಾಗಿ ಕಡಿಸಿದ್ದಳು. ನಿಜ ಹೇಳುತ್ತೇನೆ, ಮುಚ್ಚಿಡುವುದು ಹೇಗೆಂದು ನಾನು ಲೆಕ್ಕ ಹಾಕಿದೆ. ಹೊರಗೆ ಎರಡು ಪದರ ಗಿಲಾವು ಮಾಡಿದರೆ ಯಾರಿಗೂ ಕಾಣುವುದಿಲ್ಲ. ಮಾಡು ಸ್ವಲ್ಪ ಮುಂದಕ್ಕೆ ಚಾಚಿದರೆ ಮಳೆ ತಾಗುವುದಿಲ್ಲ. ನಾನು ಸಾಯುವವರೆಗೂ ಗೋಡೆ ನಿಂತೀತು. ಕೆಸರಾದ ಅರ್ಧವನ್ನು ತೊಟ್ಟಿಗೇ ಬಿಟ್ಟು, ಕೈ ಒರೆಸಿಕೊಂಡು ಜನರ ಮುಂದೆ ಹೋದೆ.

ಹಿರಿಯರು ಪ್ರಾರ್ಥನೆ ಹೇಳಿದರು, ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ಮೊದಲ ಬ್ಲಾಕು ಇಡಬೇಕಾದವನು ಉಸ್ತಾ. ಇಡುವ ಮೊದಲು ಮನೆಯೊಡತಿ ಅವನ ಕೈಗೆ ರೊಟ್ಟಿ ಮುರಿದು ಕೊಡಬೇಕು. ಸಾವ್ರಿ ಬಂದಳು, ಮಗು ಸೊಂಟದಲ್ಲಿತ್ತು. ಅದೇ ಬಟ್ಟೆ, ಅದೇ ಶುಕ್ರವಾರದ ರೊಟ್ಟಿ.

"ತಗೊಳ್ಳಿ, ಉಸ್ತಾ," ಅಂದಳು.

ನನ್ನ ಒಂದು ಕೈಯಲ್ಲಿ ಬ್ಲಾಕು, ಇನ್ನೊಂದು ಕೈಯಲ್ಲಿ ರೊಟ್ಟಿ. ಮಗು ನನ್ನ ಗಡ್ಡ ನೋಡಿ ನಕ್ಕಿತು. ನಾನು ಬ್ಲಾಕನ್ನು ಪಾಯದ ಕಲ್ಲಿನ ಮೇಲೆ ಎತ್ತಿ ಹಾಕಿದೆ. ಅದು ಬೆಲ್ಲದ ಅಚ್ಚಿನ ಹಾಗೆ ಪುಡಿಯಾಯಿತು.

"ಇದು ಆಗಲ್ಲ," ಅಂದೆ. "ಒಂದೂ ಆಗಲ್ಲ. ಆ ಹುಡುಗಿ ನೀರು ಹಾಕಿ ಮುಚ್ಚಿಡು ಅಂದಿದ್ಲು. ನಾನು ಬಿಸಿಲಿಗೆ ಹಾಕ್ದೆ. ಯಾರೂ ಹೇಳ್ಲಿಲ್ಲ, ನಾನೇ ಹಾಕ್ದೆ. ಈ ಗೋಡೇನೂ ಬೀಳುತ್ತೆ. ತಪ್ಪು ನಂದು."

ಶೋದ್ಮೋನನ ಬಾಯಿ ತೆರೆದದ್ದು ಕಂಡಿತು, ಈಗ ಕೊಡುತ್ತಾನೆ ನನಗೆ ಅಂದುಕೊಂಡೆ.

"ಅಂದ್ರೆ ಮೂರು ವಾರ ನೀವು ಇಟ್ಟಿಗೆಗೆ ಮಗ್ಗುಲು ಬದಲಾಯಿಸಿದ್ದು..." ಅಂದ.

"ಹೌದು."

"ಸೊಂಟ ಹಿಡ್ಕೊಂಡಿದ್ದು ಅದಕ್ಕೇನಾ?"

"ಅದಕ್ಕೇ."

"ನಮ್ಮತ್ತೆಗೂ ಇಷ್ಟು ಸೇವೆ ಯಾರೂ ಮಾಡಿಲ್ಲ, ಉಸ್ತಾ," ಅಂದ. ಯಾರೋ ಹಿಂದೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಾನು ತಲೆ ಬಗ್ಗಿಸಿ ನಿಂತಿದ್ದೆ. ಆ ನಗುವಿನಲ್ಲಿ ಚೂರಿ ಇರಲಿಲ್ಲ, ಅದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಸಾವ್ರಿ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. "ಪಲಾವ್ ಆಗೋಕೆ ಇನ್ನೂ ಒಂದೂವರೆ ಗಂಟೆ ಇದೆ," ಅಂದಳು. "ಕಟ್ಟೋಕೆ ಬಂದೋರಿಗೆ ಒಡೆಯೋಕೂ ಬರುತ್ತೆ ತಾನೆ? ಶುರು ಮಾಡಿ."

ಶುರು ಮಾಡಿದರು. ಗುದ್ದಲಿಯ ಹಿಂಬದಿಯಿಂದ ಬ್ಲಾಕು ಪುಡಿ ಮಾಡುವವರು ಕೆಲವರು, ಜರಡಿ ಹಿಡಿಯುವವರು ಕೆಲವರು, ಗುಡ್ಡದಿಂದ ಹೊಸ ಮಣ್ಣು ತರುವವರು ಕೆಲವರು. ಪುಡಿ ಅರ್ಧ, ಹೊಸ ಮಣ್ಣು ಅರ್ಧ. ಆದರೆ ಸಿಮೆಂಟ್? ಅದನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಶೋದ್ಮೋನ್ ಕಾಣೆಯಾದ, ಟ್ರಾಕ್ಟರಿನಲ್ಲಿ ಮೂರು ಚೀಲ ಹಾಕಿಕೊಂಡು ಬಂದ. ಅವನ ಮನೆಯ ಬಿರುಕು ಮುಚ್ಚಲು ತಂದಿಟ್ಟಿದ್ದು ಅದು. ಅವನನ್ನು ನೋಡಿ ಒಬ್ಬೊಬ್ಬರೇ ಎದ್ದು ಹೋದರು. ಒಬ್ಬ ಅರ್ಧ ಚೀಲ ತಂದ, ಒಬ್ಬಳು ಮುದುಕಿ ಹಾಲಿನ ಬಕೆಟ್ಟಿನಲ್ಲಿ ತಂದಳು, ಇನ್ನೊಬ್ಬ ತಂದದ್ದು ಕಲ್ಲಾಗಿ ಹೋಗಿತ್ತು. "ಇದನ್ನ ಹಾಗೇ ಗೋಡೆಗಿಡಿ, ಇದಕ್ಕೆ ಉಸ್ತಾ ಬಿಸಿಲು ಕಾಯಿಸೋದು ಬೇಡ," ಎಂದು ಅವನನ್ನೂ ನನ್ನನ್ನೂ ಒಟ್ಟಿಗೇ ಗೇಲಿ ಮಾಡಿದರು. ಇವರಲ್ಲಿ ಬಿರುಕಿಲ್ಲದ ಮನೆ ಯಾರದೂ ಇರಲಿಲ್ಲ. ಎಷ್ಟೋ ಗೋಡೆಗಳು ನಾನೇ ಕಟ್ಟಿದವು. ಆ ಬಕೆಟ್ಟುಗಳನ್ನು ನೋಡುತ್ತ ನನ್ನ ಕಣ್ಣು ತುಂಬಿತು. ಸಿಮೆಂಟಿನ ದೂಳು ಎಂದು ಹೇಳಿ ಒರೆಸಿಕೊಂಡೆ.

ಆವತ್ತು ಕತ್ತಲಾಗುವವರೆಗೆ ಆ ಹಿಡಿಕೆ ಒಂದು ಕ್ಷಣ ನಿಲ್ಲಲಿಲ್ಲ. ನಾಲ್ಕು ನೂರ ಹತ್ತು ಬ್ಲಾಕು. ಮರುದಿನವೂ ಜನ ಬಂದರು, ಅದರ ಮರುದಿನವೂ. ಎರಡನೆಯ ದಿನದಿಂದ ಊಟ ತಮ್ಮ ತಮ್ಮ ಮನೆಯಿಂದಲೇ ತಂದರು.

ಆಮೇಲಿನ ನಾಲ್ಕು ವಾರ ನಾನು ಬ್ಲಾಕುಗಳ ದಾದಿ. ಕೈಕಾಲು ತೊಳೆಯುವ ಹಿತ್ತಾಳೆ ಗಿಂಡಿ ಹಿಡಿದು ದಿನಕ್ಕೆ ಮೂರಲ್ಲ, ಐದು ಸಲ ನೀರು ಹಾಕಿದೆ. ಐದು ಹೊತ್ತಿನ ನಮಾಜಿಗೆ ಮೊದಲು ನಾನು ಕೈಕಾಲು ತೊಳೆಯುವಾಗ ಅವಕ್ಕೂ ಆಗಲಿ ಅಂತ. ಮುನವ್ವರ ತಿರುಗಿ ಬಂದವಳು ಸೊಂಟಕ್ಕೆ ಕೈಕೊಟ್ಟು ನಿಂತಳು.

"ಚಿಕ್ಕಪ್ಪ, ನಾನು ಬರೆದು ಕೊಟ್ಟಿದ್ದೆ ಅಲ್ವಾ?"

"ಓದಿದ್ದೆ," ಅಂದೆ. "ನಂಬಿರ್ಲಿಲ್ಲ."

ಅವಳು ಬೈಯಲಿಲ್ಲ. "ಮುಂದಿನ ಊರಿಗೆ ನನ್ನ ಜೊತೆ ಬನ್ನಿ," ಅಂದಳು. "ಅಲ್ಲೂ ಮುದುಕರು ಇರ್ತಾರೆ. ನನ್ನ ಮಾತು ಕೇಳಲ್ಲ. ನಿಮ್ಮ ಮಾತು ಕೇಳ್ತಾರೆ." ಈಗ ನಾನು ಹೋಗುತ್ತೇನೆ. ಬಿಸಿಲಲ್ಲಿ ಕೆಟ್ಟವುಗಳಲ್ಲಿ ನಾನು ಪುಡಿ ಮಾಡದೆ ಉಳಿಸಿಕೊಂಡ ಒಂದು ಬ್ಲಾಕನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಎಲ್ಲರ ಮುಂದೆ ಬಕೆಟ್ಟಿಗೆ ಇಳಿಸಿ, ಇದು ನನ್ನ ಕೈಗುಣ ಎಂದು ತೋರಿಸುತ್ತೇನೆ.

ಅಕ್ಟೋಬರ್ ನಡುವಿನಲ್ಲಿ ಮತ್ತೆ ಹಶರ್ ಆಯಿತು. ಈ ಸಲ ನೀರಿನಲ್ಲಿ ಮುಳುಗಿಸಿದ ಬ್ಲಾಕನ್ನು ಎತ್ತಿದಾಗ ಉಗುರು ಕೂಡ ಇಳಿಯಲಿಲ್ಲ. ಮೂಲೆಗಳಿಗೆ ಕಬ್ಬಿಣದ ಸರಳು ಇಟ್ಟೆವು, ಬಾಗಿಲ ಮೇಲೆ ಗೋಡೆಯ ಸುತ್ತಲೂ ಕಾಂಕ್ರೀಟಿನ ಪಟ್ಟಿ ಎಳೆದೆವು. ಒಂಬತ್ತು ದಿನಕ್ಕೆ ಮಾಡು ಕೂತಿತು. ಹತ್ತನೆಯ ದಿನ ಬೆಳಿಗ್ಗೆ ಬೆಟ್ಟದ ನೆತ್ತಿ ಬೆಳ್ಳಗಾಗಿತ್ತು. ಮಧ್ಯಾಹ್ನಕ್ಕೆ ಊರಲ್ಲೂ ಹಿಮ ಉದುರಿತು, ದನಗಳು ಗಂಟೆ ಆಡಿಸುತ್ತ ಇಳಿದುಬಂದವು. ಸಾವ್ರಿ ಕೊಟ್ಟಿಗೆಯಿಂದ ತನ್ನ ಹಾಸಿಗೆ, ಕೆಟಲ್, ತೊಟ್ಟಿಲು ಹೊತ್ತುಕೊಂಡು ಅವುಗಳ ಎದುರಿಗೇ ದಾಟಿ ತನ್ನ ಮನೆಗೆ ಬಂದಳು.

ಒಳಗೆ ಮೊದಲ ಚಹಾಕ್ಕೆ ನಾನು, ತೋಜಿಗುಲ್, ಶೋದ್ಮೋನ್ ಕೂತಿದ್ದೆವು. ಸಾವ್ರಿ ತೊಟ್ಟಿಲನ್ನು ಎತ್ತಿಕೊಂಡು ನೇರ ಬಡಗಣ ಗೋಡೆಯ ಬುಡಕ್ಕೆ ಹೋದಳು.

"ಅಲ್ಲಿ ಬೇಡ, ಮಗಳೇ," ಅಂದೆ. "ಒಲೆ ಹತ್ರ ಇಡು. ಬೆಚ್ಚಗಿರುತ್ತೆ."

"ಇಲ್ಲೇ ಇರ್ಲಿ," ಅಂದಳು. ತೊಟ್ಟಿಲು ಗೋಡೆಗೆ ತಾಗಿಸಿ ಇಟ್ಟಳು, ಮಗುವನ್ನು ಮಲಗಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಆವತ್ತು ಬೆಳಿಗ್ಗೆ ನೀರು ತರೋಕೆ ತೊಟ್ಟಿ ಹತ್ರ ನಾನೇ ಮೊದ್ಲು ಹೋಗಿದ್ದೆ, ಉಸ್ತಾ. ಅದು ಕರಗಿದ್ದು ನೋಡಿದ್ದೆ. ಹಾಗೇ ಬಿಟ್ಟು ಬಂದೆ."

"ಮತ್ತೆ ಯಾಕೆ ಹೇಳ್ಲಿಲ್ಲ?" ಅಂದೆ.

"ನಾನು ಹೇಳಿದ್ರೆ ನಿಮ್ಮ ಹೆಸರು ಅವತ್ತಿಗೇ ಮುಗೀತಿತ್ತು. ಇನ್ಯಾರ ಮನೆಗೂ ನಿಮ್ಮನ್ನ ಕರೀತಿರ್ಲಿಲ್ಲ. ನೀವೇ ಹೇಳ್ತೀರಿ ಅಂತ ರೊಟ್ಟಿ ತಗೊಂಡು ಬಂದೆ."

"ಹೇಳದೆ ಇದ್ದಿದ್ರೆ?"

"ಎಣ್ಣೆ ಕಡಾಯಿ ಒದ್ದು ಬೀಳಿಸ್ತಿದ್ದೆ. ಊಟ ಇಲ್ಲ, ಎಲ್ರೂ ಮನೆಗೆ ಹೋಗಿ ಅಂತಿದ್ದೆ. ಎಡವಟ್ಟು ಹೆಂಗಸು ಅಂತ ನನ್ನನ್ನ ಬೈಕೊಂಡು ಹೋಗ್ತಿದ್ರು." ಅವಳು ಬಟ್ಟೆ ಬಿಡಿಸಿ ರೊಟ್ಟಿ ಮುರಿದಳು. "ತಪ್ಪು ಅಂತ ಗೊತ್ತಾದ್ರೆ ಬಾಯಿಬಿಡೋ ಉಸ್ತಾ ಕಟ್ಟಿದ ಗೋಡೆ ಇದು. ನನ್ನ ಮಗು ಇದರ ಹತ್ರಾನೇ ಮಲಗ್ಲಿ."

ರೊಟ್ಟಿಯ ತುಂಡನ್ನು ನನ್ನ ಕೈಗೆ ಕೊಟ್ಟಳು. ಏಪ್ರಿಲಿನಿಂದ ಗಂಟಲಲ್ಲಿ ಇಳಿಯದ ರೊಟ್ಟಿ. ತಿಂದೆ, ಇಳಿಯಿತು. ಇನ್ನೊಂದು ತುಂಡಿಗೆ ನಾನೇ ಕೈ ಚಾಚಿದೆ.

"ಚೆನ್ನಾಗಿದೆ," ಅಂದೆ.

ತೋಜಿಗುಲ್ ಚಹಾ ಬಗ್ಗಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳು ಕೊಟ್ಟ ಬಟ್ಟಲಿನಿಂದ ಒಂದು ಗುಟುಕು ಕುಡಿದು, ಅದಕ್ಕೂ ಹೇಳಿದೆ.